ಟಿಳಕವಾಡಿಯ ಮೇಡಂ ಕ್ಲಾಸು: ಎಂಟು ಭಾನುವಾರ ಕೂತು ಬಂದ ಮೇಲೆ

ಹೊರಗೆ ಹೆಸರಿನ ಫಲಕ ಇಲ್ಲ. ಬೆಳಗಾವಿಯ ಟಿಳಕವಾಡಿಯಲ್ಲಿ ಎರಡನೇ ರೈಲ್ವೆ ಗೇಟಿನ ಹತ್ತಿರದ ಒಂದು ಮನೆ, ಮಹಡಿ ಮೇಲೆ ಉದ್ದನೆಯ ಹಾಲ್, ಹನ್ನೆರಡು ಕುರ್ಚಿ. ಹೋಗಿ ಬಂದವರೆಲ್ಲ ಅದನ್ನು ‘ಮೇಡಂ ಕ್ಲಾಸು’ ಅಂತಲೇ ಕರೆಯುತ್ತಾರೆ. ಲಿನಕ್ಸ್ ಡ್ರೈವರ್, ಅಂದರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಒಂದು ಹಾರ್ಡ್‌ವೇರನ್ನು ನಡೆಸಲು ಬೇಕಾದ ಕೋಡು, ಬರೆಯುವುದನ್ನು ಕಲಿಸುತ್ತಾರೆ. ಅದರಲ್ಲೂ ಹೆಚ್ಚಿನ ಹೊತ್ತು ಒಂದೇ ವಿಷಯಕ್ಕೆ ಮೀಸಲು: ಯೂಸರ್ ಪ್ರೋಗ್ರಾಮಿನ ಮೆಮೊರಿಗೂ ಲಿನಕ್ಸಿನ ತಿರುಳಾದ ಕರ್ನೆಲ್ಲಿನ ಮೆಮೊರಿಗೂ ನಡುವೆ ಡೇಟಾವನ್ನು ಅಪಾಯವಿಲ್ಲದೆ ಸಾಗಿಸುವುದು ಹೇಗೆ? 8 ಭಾನುವಾರ, ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ. ಫೀ 9,500 ರೂಪಾಯಿ.

ಉದ್ಯಮಬಾಗದ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ನಮ್ಮಂಥವರಿಗೆ ಇರುವ ಬಿಡುವು ಭಾನುವಾರ ಒಂದೇ. ಅದನ್ನೂ ಕೊಟ್ಟು, ದುಡ್ಡನ್ನೂ ಕೊಟ್ಟು ಹೋಗಬೇಕೇ ಎಂದು ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೋಗಬೇಕು ಎನ್ನುವುದೇ ನನ್ನ ಉತ್ತರ. ಕೊರತೆಗಳೂ ಇವೆ, ಅವನ್ನೂ ಹೇಳುತ್ತೇನೆ.

ನಾನು ಯಾಕೆ ಹೋದೆ ಎನ್ನುವುದನ್ನು ಮೊದಲು ಹೇಳಬೇಕು. ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಫೌಂಡ್ರಿಗಳ ಇಂಡಕ್ಷನ್ ಫರ್ನೇಸಿನ ತಾಪಮಾನ ದಾಖಲಿಸುವ ಪೆಟ್ಟಿಗೆ ತಯಾರಿಸುವ ಸಣ್ಣ ಘಟಕವೊಂದರಲ್ಲಿ ಹತ್ತು ವರ್ಷದಿಂದ ಇದ್ದೇನೆ. ಪೆಟ್ಟಿಗೆಯೊಳಗಿನ ಬೋರ್ಡಿನಲ್ಲಿ ಲಿನಕ್ಸ್ ಓಡುತ್ತದೆ, ಸೆನ್ಸರ್ ಓದುವ ಡ್ರೈವರ್ ಬರೆದವನು ನಾನೇ. ಮೂರು ವರ್ಷ ಒಂದು ದೂರೂ ಇರಲಿಲ್ಲ. ಹೋದ ಮಳೆಗಾಲದಲ್ಲಿ ಹಳೇ ಬೋರ್ಡು ಸಿಗದೆ ಹೊಸದಕ್ಕೆ ಬದಲಾಯಿಸಿದೆವು. ಹಳೆಯದರಲ್ಲಿ ಇದ್ದದ್ದು ಆರ್ಮ್ ಕಂಪನಿಯ ಕಾರ್ಟೆಕ್ಸ್ ಎ53 ಪ್ರೊಸೆಸರ್, ಹೊಸದರಲ್ಲಿ ಎ55. ನಮ್ಮ ಟೇಬಲ್ ಮೇಲೆ ಎಲ್ಲ ಸರಿಯಾಗಿ ನಡೆಯಿತು. ಮಚ್ಛೆ ಕಡೆಯ ಒಂದು ಫೌಂಡ್ರಿಯಲ್ಲಿ ಕೂರಿಸಿ ಬಂದೆವು.

ನಾಲ್ಕನೇ ರಾತ್ರಿ ಶಿಫ್ಟಿನವರೊಬ್ಬರು ಅಲಾರಾಂ ಮಿತಿಯನ್ನು 1,480ರಿಂದ 1,500 ಡಿಗ್ರಿಗೆ ಏರಿಸಿದರು. ಪೆಟ್ಟಿಗೆ ಅಲ್ಲೇ ಸತ್ತಿತು. ಮತ್ತೆ ಚಾಲೂ ಆದಾಗ ಪ್ರೋಗ್ರಾಮು ನೆನಪಿಟ್ಟುಕೊಂಡಿದ್ದ ಹೊಸ ಮಿತಿಯನ್ನು ಡ್ರೈವರಿಗೆ ಕಳಿಸಿತು, ಮತ್ತೆ ಸತ್ತಿತು. ಬೆಳಗಿನ ತನಕ ಇದೇ ನಡೆದಿದೆ. ಎರಡು ಗಂಟೆಗೆ ಫೋನ್ ಬಂತು, ಮಳೆಯಲ್ಲಿ ಸ್ಕೂಟರ್ ಮೇಲೆ ಹೋದೆ. ಏಳು ಹೀಟಿನ, ಅಂದರೆ ಏಳು ಸಲ ಲೋಹ ಕರಗಿಸಿದ್ದರ, ದಾಖಲೆ ಇಲ್ಲ. ದಾಖಲೆ ಇಲ್ಲದ ಹೀಟಿನ ಎರಕವನ್ನು ಅವರು ಗಿರಾಕಿಗೆ ಕಳಿಸುವಂತಿಲ್ಲ, ಎಲ್ಲವನ್ನೂ ಲ್ಯಾಬಿಗೆ ಕೊಟ್ಟು ನಾಲ್ಕು ದಿನ ತಡೆಹಿಡಿದರು. ಅಲ್ಲಿನ ಸೂಪರ್‌ವೈಸರ್ ನನ್ನನ್ನು ಬೈಯಲಿಲ್ಲ. “ಸಾಹೇಬ್ರ, ಒಂದು ನಂಬರ್ ಬದಲಿ ಮಾಡಿದ್ರ ಹಿಂಗಾಗಬಾರದಲ್ರಿ?” ಎಂದಷ್ಟೇ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕರ್ನೆಲ್ ಲಾಗಿನಲ್ಲಿ ಒಂದು ಸಾಲು ಇತ್ತು, ಯೂಸರ್ ಮೆಮೊರಿಯನ್ನು ಅದಕ್ಕೆಂದೇ ಇರುವ ರುಟೀನುಗಳ ಹೊರಗೆ ಮುಟ್ಟಲಾಗಿದೆ ಎನ್ನುವ ಅರ್ಥದ್ದು. ಓದಿದೆ, ತಿಳಿಯಲಿಲ್ಲ.

ಕ್ಲಾಸಿನ ಮೊದಲ ದಿನ ಮೇಡಂ ಬಿಳಿ ಬೋರ್ಡಿನ ಮೇಲೆ ಡ್ರೈವರಿನ ರೀಡ್ ಫಂಕ್ಷನ್ನಿನ ಒಂದೇ ಸಾಲು ಬರೆದರು. ಅದರೊಳಗಿನ ಬಫರ್ ಪಾಯಿಂಟರಿಗೆ, ಅಂದರೆ ಡೇಟಾ ಇಡಬೇಕಾದ ಜಾಗದ ಅಡ್ರೆಸ್ಸಿಗೆ, ಕೆಂಪು ಗೆರೆ ಎಳೆದು ಕೇಳಿದರು: “ಈ ಅಡ್ರೆಸ್ ನಿಮಗ ಯಾರು ಕೊಟ್ರು?”

ಪ್ರೋಗ್ರಾಮು ಕೊಟ್ಟಿತು ಎಂದೆವು.

“ಹಂಗಾರ ಅದು ಅಡ್ರೆಸ್ ಅಲ್ಲ. ಬರೇ ಒಂದು ನಂಬರು. ಅಡ್ರೆಸ್ ಹೌದೋ ಅಲ್ಲೋ ಇನ್ನೂ ನೋಡಬೇಕು.”

ಎಂಟು ಭಾನುವಾರದಲ್ಲಿ ಅವರು ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿದರೋ ಲೆಕ್ಕವಿಲ್ಲ. ಕ್ಲಾಸಿನ ಸತ್ವ ಇದರಲ್ಲೇ ಇದೆ. ಪ್ರೋಗ್ರಾಮು ಕೊಟ್ಟ ನಂಬರು ಮ್ಯಾಪ್ ಆಗದ, ಅಂದರೆ ಪ್ರೋಗ್ರಾಮಿಗೆ ಕೊಟ್ಟೇ ಇರದ, ಜಾಗವನ್ನು ತೋರಿಸುತ್ತಿರಬಹುದು. ಮ್ಯಾಪ್ ಆಗಿದ್ದರೂ ಮೆಮೊರಿಯ ಆ ತುಂಡು, ಅಂದರೆ ಪುಟ, ಸದ್ಯಕ್ಕೆ ಡಿಸ್ಕಿನಲ್ಲಿರಬಹುದು. ಎಲ್ಲಕ್ಕಿಂತ ಕೆಟ್ಟದ್ದು, ಅದು ಕರ್ನೆಲ್ಲಿನದೇ ಮೆಮೊರಿಯನ್ನು ತೋರಿಸುತ್ತಿರಬಹುದು. ಕರ್ನೆಲ್ಲಿಗೆ ಎಲ್ಲೆಲ್ಲೂ ಪ್ರವೇಶವಿದೆ. ಹಾಗಾಗಿ ಸಾಮಾನ್ಯ ಯೂಸರ್ ತಾನು ಮುಟ್ಟಲಾಗದ ಜಾಗದ ನಂಬರನ್ನು ಕೊಟ್ಟು ‘ಇಲ್ಲಿ ಬರೆ’ ಎಂದರೆ, ಎಚ್ಚರವಿಲ್ಲದ ಡ್ರೈವರ್ ಅವನ ಪರವಾಗಿ ಅಲ್ಲಿ ಬರೆದುಬಿಡುತ್ತದೆ.

ಮೊದಲೆರಡು ಭಾನುವಾರ ಮಾಡ್ಯೂಲ್ ಕಟ್ಟುವುದು, ಕ್ಯಾರೆಕ್ಟರ್ ಡಿವೈಸ್ ನೋಂದಾಯಿಸುವುದರಲ್ಲೇ ಕಳೆಯುತ್ತದೆ. ಗೊತ್ತಿದ್ದವರಿಗೆ ಬೇಸರ ಬರಬಹುದು. ಮೂರನೆಯದಕ್ಕೆ ಕಾಯಿರಿ.

ಮೂರನೇ ಭಾನುವಾರ ನಮ್ಮ ಕೈಯಿಂದಲೇ ಎಲ್ಲವನ್ನೂ ಮುರಿಸುತ್ತಾರೆ. ಯೂಸರ್ ಬಫರಿಗೆ ಬರಿಯ, ಯಾವ ಪರೀಕ್ಷೆಯೂ ಇಲ್ಲದ ಮೆಮ್‌ಕಾಪಿಯಿಂದ ಬರೆಯುವ ಒಂದು ಕೆಟ್ಟ ಡ್ರೈವರನ್ನು ಬರೆಸಿ, ಕ್ಯೂಎಮು ಎಮ್ಯುಲೇಟರಿನೊಳಗೆ ಎರಡು ಸಲ ಓಡಿಸಿದರು. ಮೊದಲು ಹ್ಯಾಸ್ವೆಲ್ ಪ್ರೊಸೆಸರಿನ ಮಾದರಿ, ಆಮೇಲೆ ಬ್ರಾಡ್‌ವೆಲ್. ಹ್ಯಾಸ್ವೆಲ್‌ನಲ್ಲಿ ಡ್ರೈವರ್ ಚೆನ್ನಾಗಿಯೇ ನಡೆಯಿತು. ಬ್ರಾಡ್‌ವೆಲ್‌ನಲ್ಲಿ ಮೊದಲ ಬೈಟಿಗೇ ಊಪ್ಸ್, ಅಂದರೆ ಕರ್ನೆಲ್ಲಿನೊಳಗಿನ ದೋಷದ ವರದಿ. ಕೋಡಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಇಂಟೆಲ್ 2014ರ ಬ್ರಾಡ್‌ವೆಲ್‌ನಿಂದ ಸ್ಮ್ಯಾಪ್ ಎಂಬ ರಕ್ಷಣೆ ತಂದಿತು. ಕರ್ನೆಲ್ ಕೆಲಸ ಮಾಡುತ್ತಿರುವಾಗ ಯೂಸರ್ ಪುಟಗಳನ್ನು ಪ್ರೊಸೆಸರೇ ಮುಚ್ಚಿಡುತ್ತದೆ. ಕಾಪಿ_ಟು_ಯೂಸರ್, ಕಾಪಿ_ಫ್ರಮ್_ಯೂಸರ್‌ನಂಥ ಫಂಕ್ಷನ್ನುಗಳು ಸ್ಟ್ಯಾಕ್ ಎಂಬ ಇನ್‌ಸ್ಟ್ರಕ್ಷನ್‌ನಿಂದ ಬಾಗಿಲು ತೆರೆದು, ಡೇಟಾ ಸಾಗಿಸಿ, ಕ್ಲ್ಯಾಕ್‌ನಿಂದ ಮುಚ್ಚುತ್ತವೆ. ಬೇರೆ ಯಾವ ಕೋಡು ಮುಟ್ಟಿದರೂ ಸಿಕ್ಕಿಬೀಳುತ್ತದೆ.

ಚಹಾ ಹೊತ್ತಿಗೆ ಮೇಡಂ ಹತ್ತಿರ ಹೋಗಿ ನನ್ನ ಎ53, ಎ55 ಕಥೆ ಹೇಳಿದೆ. ಅವರು ಪೂರ್ತಿ ಕೇಳಿದರು. ಆರ್ಮ್ ಪ್ರೊಸೆಸರುಗಳಲ್ಲಿ ಇದೇ ರಕ್ಷಣೆಯ ಹೆಸರು ಪ್ಯಾನ್, ಅದು ಬಂದದ್ದು ಆರ್ಮ್‌ವಿ8.1ರಲ್ಲಿ. ಎ53 ಎಂಬುದು ಆರ್ಮ್‌ವಿ8.0, ಅದರ ಹಾರ್ಡ್‌ವೇರಿನಲ್ಲಿ ಪ್ಯಾನ್ ಇಲ್ಲ. ಎ55 ಎಂಬುದು 8.2, ಇದೆ. ನನ್ನ ಡ್ರೈವರಿನ ರೀಡ್ ದಾರಿಯಲ್ಲಿ ಕಾಪಿ_ಟು_ಯೂಸರ್ ಹಾಕಿದ್ದೆ, ಎಲ್ಲೋ ನೋಡಿ ಬರೆದದ್ದು. ಮಿತಿ ಬದಲಿಸುವ ಆದೇಶ ಬರುವ ಐಓಕಂಟ್ರೋಲ್ ದಾರಿಯಲ್ಲಿ ಮಾತ್ರ ಪಾಯಿಂಟರನ್ನು ನೇರವಾಗಿ ಓದಿದ್ದೆ, ಒಂದೇ ಒಂದು ಪೂರ್ಣಾಂಕ ತಾನೇ ಎಂದು. ಗೆಟ್_ಯೂಸರ್ ಎಂಬ ಫಂಕ್ಷನ್ ಇರುವುದೇ ಅಂಥ ಒಂದು ಪೂರ್ಣಾಂಕಕ್ಕೆ. “ಹೊಸ ಬೋರ್ಡು ನಿಮ್ಮ ಡ್ರೈವರ್ ಕೆಡಿಸಲಿಲ್ಲ. ಮೂರು ವರ್ಷದಿಂದ ಇದ್ದ ತಪ್ಪು ತೋರಿಸ್ತು,” ಎಂದರು. ಆ ರಾತ್ರಿ ಸೂಪರ್‌ವೈಸರ್ ಕೇಳಿದ್ದಕ್ಕೆ ಉತ್ತರ ಸಿಕ್ಕಿದ್ದು ಅಲ್ಲಿ, ಆ ಚಹಾ ಹೊತ್ತಿನಲ್ಲಿ. ಫೀಸಿನ ದುಡ್ಡು ನನ್ನ ಮಟ್ಟಿಗೆ ಅಂದೇ ವಸೂಲಾಯಿತು.

ಈ ಫಂಕ್ಷನ್ನುಗಳು ಏನನ್ನು ಹಿಂದಿರುಗಿಸುತ್ತವೆ ಎನ್ನುವುದರ ಮೇಲೆ ಮೇಡಂ ಒಂದು ಗಂಟೆ ತೆಗೆದುಕೊಂಡರು. ಅಷ್ಟು ಬೇಕೇ ಬೇಕು. ಕಾಪಿ_ಟು_ಯೂಸರ್ ಹಿಂದಿರುಗಿಸುವುದು ಸಾಗಿಸದೆ ಉಳಿದ ಬೈಟುಗಳ ಸಂಖ್ಯೆ. ಎಲ್ಲ ಸಾಗಿದರೆ 0. ತಪ್ಪಾದರೆ ಋಣ ಸಂಖ್ಯೆ ಬರುತ್ತದೆ ಎಂದುಕೊಂಡು ‘ಸೊನ್ನೆಗಿಂತ ಕಡಿಮೆಯೇ?’ ಎಂದು ಪರೀಕ್ಷಿಸಿದರೆ ಆ ಪರೀಕ್ಷೆ ಯಾವತ್ತೂ ಹಿಡಿಯುವುದಿಲ್ಲ. ನಮ್ಮಿಂದ ಒಟ್ಟು 8192 ಬೈಟಿನ ಎರಡು ಪುಟ ಮ್ಯಾಪ್ ಮಾಡಿಸಿ, ಎರಡನೇ ಪುಟವನ್ನು ಕಿತ್ತುಹಾಕಿಸಿ, ಆಮೇಲೆ ಓದಿಸಿದರು. ಉತ್ತರ 4096 ಬಂತು. ನಮ್ಮಲ್ಲಿ ಇಬ್ಬರು ಆ 4096 ಅನ್ನೇ ರೀಡ್ ಫಂಕ್ಷನ್ನಿನ ಫಲವಾಗಿ ಹಿಂದಿರುಗಿಸಿದ್ದರು. ಪ್ರೋಗ್ರಾಮು ಅದನ್ನು ‘4096 ಬೈಟು ಓದಿಯಾಯಿತು’ ಎಂದು ತಿಳಿಯಿತು. ಹೀಗಾದಾಗ ಡ್ರೈವರ್ ಕೊಡಬೇಕಾದದ್ದು ಋಣ ಇಫಾಲ್ಟ್, ಅಂದರೆ 14ನೇ ಎರರ್, ‘ಬ್ಯಾಡ್ ಅಡ್ರೆಸ್’.

ಅಡ್ರೆಸ್ ಸರಿಯಿದೆಯೇ ಎಂದು ಮೊದಲೇ ಪೂರ್ತಿ ಪರೀಕ್ಷೆ ಮಾಡಿ ಆಮೇಲೆ ನಿಶ್ಚಿಂತೆಯಿಂದ ಬರೆಯಬಾರದೇ ಎಂದು ಗೋಕಾಕದಿಂದ ಬರುವ ಹುಡುಗ ಕೇಳಿದ. ಹಳೇ ಲಿನಕ್ಸ್ ಹಾಗೇ ಮಾಡುತ್ತಿತ್ತು, ವೆರಿಫೈ_ಏರಿಯಾ ಎಂಬ ಫಂಕ್ಷನ್ನಿನಿಂದ. ಆದರೆ ಅಡ್ರೆಸ್ ಬಹುಪಾಲು ಸರಿಯೇ ಇರುತ್ತದೆ, ಪ್ರತಿ ಸಲ ಹುಡುಕಾಡುವುದು ವ್ಯರ್ಥ. ಅದಕ್ಕಿಂತ ಮುಖ್ಯ, ಪರೀಕ್ಷೆ ಮುಗಿದು ಬರೆಯುವಷ್ಟರಲ್ಲಿ ಅದೇ ಪ್ರೋಗ್ರಾಮಿನಲ್ಲಿ ಜೊತೆಜೊತೆಗೇ ಓಡುವ ಇನ್ನೊಂದು ಥ್ರೆಡ್ ಆ ಪುಟವನ್ನು ಕಿತ್ತುಹಾಕಬಹುದು. ಈಗಿನ ವ್ಯವಸ್ಥೆಯಲ್ಲಿ ಆಕ್ಸೆಸ್_ಓಕೆ ನೋಡುವುದು ಒಂದನ್ನೇ: ಈ ವ್ಯಾಪ್ತಿ ಯೂಸರ್ ಜಾಗದ ಒಳಗಿದೆಯೇ, ಇಲ್ಲವೇ? ಉಳಿದದ್ದನ್ನು ಹಾರ್ಡ್‌ವೇರಿಗೆ ಬಿಡುತ್ತಾರೆ. ಕಾಪಿ ಮಾಡುವ ಯಾವ ಯಾವ ಇನ್‌ಸ್ಟ್ರಕ್ಷನ್ ಪೇಜ್ ಫಾಲ್ಟಿಗೆ, ಅಂದರೆ ಪುಟ ಸಿಗದ ತೊಡಕಿಗೆ, ಒಳಗಾಗಬಹುದು, ಹಾಗಾದಲ್ಲಿ ಎಲ್ಲಿಗೆ ಜಿಗಿಯಬೇಕು ಎಂಬುದನ್ನೆಲ್ಲ ಕಂಪೈಲ್ ಮಾಡುವಾಗಲೇ ಎಕ್ಸೆಪ್ಶನ್ ಟೇಬಲ್ ಎಂಬ ಪಟ್ಟಿಯಲ್ಲಿ ಬರೆದಿಟ್ಟಿರುತ್ತಾರೆ. ಫಾಲ್ಟ್ ಬಂದಾಗ ಕರ್ನೆಲ್ ಪುಟ ತರಬಹುದಾದರೆ ತರುತ್ತದೆ, ಆಗದಿದ್ದರೆ ಪಟ್ಟಿ ನೋಡುತ್ತದೆ. ಆ ಇನ್‌ಸ್ಟ್ರಕ್ಷನ್ ಅದರಲ್ಲಿದ್ದರೆ ಮರ್ಯಾದೆಯಿಂದ ಹೊರಬರುವ ದಾರಿ ಸಿಗುತ್ತದೆ. ಇಲ್ಲದಿದ್ದರೆ ಊಪ್ಸ್. ನನ್ನ ಐಓಕಂಟ್ರೋಲ್ ಸಾಲು ಆ ಪಟ್ಟಿಯಲ್ಲಿ ಇರಲಿಲ್ಲ, ಅಷ್ಟೇ.

ನಾಲ್ಕನೇ ಭಾನುವಾರದ ವಿಷಯ, ಒಂದೇ ಡೇಟಾವನ್ನು ಯೂಸರಿನಿಂದ ಎರಡು ಸಲ ತರುವ ತಪ್ಪು. ಇದನ್ನು ಮೇಡಂಗಿಂತ ಚೆನ್ನಾಗಿ ಹೇಳಿದ್ದು ನಮ್ಮ ಜೊತೆಗೆ ಕೂತ ಫೌಂಡ್ರಿಯ ಸ್ಟೋರ್ಸಿನವರು. ನಲವತ್ತೈದು ದಾಟಿದವರು, ಮಗನ ಲ್ಯಾಪ್‌ಟಾಪ್ ತರುತ್ತಿದ್ದರು. ಡ್ರೈವರ್ ಮೊದಲು ಹೆಡರಿನ ಉದ್ದವನ್ನು ಮಾತ್ರ ತಂದು ‘256ಕ್ಕಿಂತ ಕಡಿಮೆ ಇದೆ, ಸರಿ’ ಎಂದು ಒಪ್ಪುತ್ತದೆ. ಆಮೇಲೆ ಪೂರ್ತಿ ಡೇಟಾವನ್ನು ಮತ್ತೆ ತರುತ್ತದೆ, ಅದರೊಳಗಿನ ಉದ್ದವನ್ನೇ ನಂಬುತ್ತದೆ. ನಡುವೆ ಪ್ರೋಗ್ರಾಮಿನ ಇನ್ನೊಂದು ಥ್ರೆಡ್ ಅದನ್ನು 60,000 ಮಾಡಿದ್ದರೆ?

“ಸ್ಕ್ರ್ಯಾಪ್ ಲಾರಿ ಇದ್ದಂಗ ಆತಲ್ರಿ ಮೇಡಂ,” ಎಂದರು ಅವರು. “ವೇ ಬ್ರಿಡ್ಜ್ ಮ್ಯಾಲೆ ತೂಕ ಮಾಡಿ ಚೀಟಿ ಕೊಡ್ತೀವಿ. ಯಾರ್ಡಿಗೆ ಹೋಗೂ ದಾರ್ಯಾಗ ಒಳಗಿನ ಮಾಲೇ ಬದಲಿ ಆಗಿರ್ತದ. ಅದಕ್ಕ ಈಗ ತೂಕ ಆದ ಲಾರಿ ನಮ್ಮ ಕಣ್ಮುಂದನ ಖಾಲಿ ಆಗಬೇಕು.”

ಮೇಡಂ ಬೋರ್ಡಿನ ಮೇಲೆ ಅದನ್ನೇ ಬರೆದರು: ತೂಕ ಆದದ್ದೇ ಇಳಿಯಬೇಕು. ಒಂದೇ ಸಲ ಕರ್ನೆಲ್ಲಿನ ಬಫರಿಗೆ ತಂದುಕೊಳ್ಳಿ, ಪರೀಕ್ಷೆಯನ್ನು ಆ ಪ್ರತಿಯ ಮೇಲೆ ಮಾಡಿ, ಬಳಸುವುದೂ ಆ ಪ್ರತಿಯನ್ನೇ. ಎರಡು ಸಲ ತರಲೇಬೇಕಾದರೆ ಎರಡನೇ ಪ್ರತಿಯೊಳಗಿನ ಉದ್ದವನ್ನು ಮೊದಲಿನದಕ್ಕೆ ಹೋಲಿಸಿ ನೋಡಿ.

ಕುಂದಾ ಡಬ್ಬಿಯ ಪಾಠವೂ ಹೀಗೇ ಬಂತು. ಶಹಾಪುರದಿಂದ ಬರುವ ಹುಡುಗಿಯೊಬ್ಬಳು ಒಂದು ವಾರ ಕುಂದಾ ತಂದಿದ್ದಳು. ಖಾಲಿಯಾದ ಡಬ್ಬಿ ಎತ್ತಿಕೊಂಡು ಮೇಡಂ ಕೇಳಿದರು, “ಇದನ್ನ ವಾಪಸ್ ಕೊಡೂ ಮುಂದ ಏನ್ ಮಾಡ್ತೀರಿ? ತೊಳಿತೀರಿಲ್ಲ?” ಹಲವು ಸದಸ್ಯರನ್ನು ಒಟ್ಟಿಗಿಡುವ ಒಂದು ಸ್ಟ್ರಕ್ಚರಿನಲ್ಲಿ ಮೊದಲು 1 ಬೈಟಿನ ಕ್ಯಾರೆಕ್ಟರ್, ಆಮೇಲೆ 4 ಬೈಟಿನ ಪೂರ್ಣಾಂಕ ಇಟ್ಟರೆ ಒಟ್ಟು 5 ಆಗುವುದಿಲ್ಲ, 8 ಆಗುತ್ತದೆ. ನಡುವಿನ 3 ಬೈಟು ಕಂಪೈಲರ್ ಬಿಟ್ಟ ಖಾಲಿ ಜಾಗ. ಎರಡೂ ಸದಸ್ಯರಿಗೆ ಬೆಲೆ ತುಂಬಿದರೂ ಆ ಮೂರರಲ್ಲಿ ಹಿಂದೆ ಯಾರೋ ಬಿಟ್ಟುಹೋದದ್ದು ಹಾಗೇ ಇರುತ್ತದೆ. ಸ್ಟ್ರಕ್ಚರನ್ನು ಹಾಗೆಯೇ ಯೂಸರಿಗೆ ಕಾಪಿ ಮಾಡಿದರೆ ಕರ್ನೆಲ್ ಸ್ಟ್ಯಾಕಿನ ಚೂರು ಹೊರಗೆ ಹೋಗುತ್ತದೆ. ಪಾಸ್‌ವರ್ಡಿನ ಚೂರಿರಬಹುದು, ಕರ್ನೆಲ್ ಅಡ್ರೆಸ್ ಇರಬಹುದು. ಮೊದಲು ಮೆಮ್‌ಸೆಟ್‌ನಿಂದ ಇಡೀ ಸ್ಟ್ರಕ್ಚರನ್ನು ಸೊನ್ನೆ ಮಾಡಿ, ಆಮೇಲೆ ತುಂಬಬೇಕು. ಅಂದಿನಿಂದ ನಮ್ಮ ಬ್ಯಾಚಿನಲ್ಲಿ ಇದಕ್ಕೆ ‘ಡಬ್ಬಿ ತೊಳೆಯೋದು’ ಎಂದೇ ಹೆಸರು.

ಇದೆಲ್ಲ ನಮ್ಮಂಥ ಸಣ್ಣ ಘಟಕದವರು ಮಾಡುವ ತಪ್ಪು ಎಂದು ನಾನು ಅಂದುಕೊಂಡಿದ್ದೆ. ಆರನೇ ಭಾನುವಾರ ಆ ಭಾವನೆ ಹೋಯಿತು. 2008ರ ಫೆಬ್ರವರಿಯಲ್ಲಿ ಬಯಲಾದ, ವಿಎಂಸ್ಪ್ಲೈಸ್ ಎಂಬ ಸಿಸ್ಟಂ ಕಾಲ್‌ನ, ಅಂದರೆ ಪ್ರೋಗ್ರಾಮು ಕರ್ನೆಲ್ಲಿಗೆ ಕೆಲಸ ಹೇಳುವ ದಾರಿಯ, ದೋಷವನ್ನು ಓದಿಸಿದರು. ಲಿನಕ್ಸ್ 2.6.17ರಿಂದ 2.6.24.1ರ ತನಕ ಯೂಸರ್ ಕೊಟ್ಟ ಪಾಯಿಂಟರುಗಳಿಗೆ ಅಲ್ಲಿ ಆಕ್ಸೆಸ್_ಓಕೆ ಪರೀಕ್ಷೆಯೇ ಇರಲಿಲ್ಲ, ಸಾಮಾನ್ಯ ಯೂಸರ್ ಎಲ್ಲ ಅಧಿಕಾರವಿರುವ ರೂಟ್ ಆಗಬಹುದಿತ್ತು. 2017ರಲ್ಲಿ 4.13ನೇ ಆವೃತ್ತಿಯ ವೇಟ್‌ಐಡಿ ಸಿಸ್ಟಂ ಕಾಲ್‌ನಲ್ಲಿ ಅದೇ ಪರೀಕ್ಷೆ ಮತ್ತೆ ಬಿಟ್ಟುಹೋಯಿತು. ವೇಗಕ್ಕಾಗಿ ಕೋಡನ್ನು ಬದಲಾಯಿಸುವಾಗ ಪರೀಕ್ಷೆಯಿಲ್ಲದ ಫಂಕ್ಷನ್ನುಗಳನ್ನು ಬಳಸಿದರು, ಪರೀಕ್ಷೆಯನ್ನು ಬೇರೆಯಾಗಿ ಹಾಕಲು ಮರೆತರು. ದುರಸ್ತಿಯ ಪ್ಯಾಚು ಕೆಲವೇ ಸಾಲು. ಕೊನೆಗೆ 2019ರ ಲಿನಕ್ಸ್ 5.0ರಲ್ಲಿ, ಬಾಗಿಲು ತೆರೆಯುವ ಯೂಸರ್_ಆಕ್ಸೆಸ್_ಬಿಗಿನ್ ಫಂಕ್ಷನ್ನೇ ಆ ಪರೀಕ್ಷೆಯನ್ನೂ ಮಾಡುವಂತೆ ತಿದ್ದಿದರು. ಮನುಷ್ಯ ಮರೆಯುತ್ತಾನೆ ಎಂದು ಒಪ್ಪಿಕೊಂಡು ಬರೆದ ಕೋಡು ಅದು. ನನಗೆ ಬಹಳ ಹಿಡಿಸಿತು. 2016ರಲ್ಲಿ 4.8ಕ್ಕೆ ಸೇರಿದ ಹಾರ್ಡನ್ಡ್ ಯೂಸರ್‌ಕಾಪಿಯೂ ಅದೇ ಜಾತಿಯದು. 64 ಬೈಟಿನ ವಸ್ತುವಿನಿಂದ 4096 ಬೈಟು ಹೊರಗೆ ಕಳಿಸಲು ಹೊರಟರೆ ಕರ್ನೆಲ್ ಕಡೆಯಿಂದಲೇ ತಡೆಯುತ್ತದೆ.

ಇನ್ನು ಕೊರತೆಗಳು. ನನಗೆ ಎಲ್ಲಕ್ಕಿಂತ ಬೇಕಾಗಿದ್ದ ಪಾಠ ಸ್ಪಿನ್‌ಲಾಕಿನದು, ಹಿಡಿದಿರುವಾಗ ನಿದ್ದೆ ಹೋಗಬಾರದ ಬೀಗ ಅದು. ಯೂಸರ್ ಪುಟ ತರುವಾಗ ಕರ್ನೆಲ್ ನಿದ್ದೆ ಹೋಗಬಹುದು, ಹಾಗಾಗಿ ಸ್ಪಿನ್‌ಲಾಕ್ ಹಿಡಿದುಕೊಂಡು ಕಾಪಿ_ಟು_ಯೂಸರ್ ಕರೆಯಲೇಬಾರದು. ಲಾಕಿನೊಳಗೆ ಕರ್ನೆಲ್ ಬಫರಿಗೆ ಪ್ರತಿ ತೆಗೆದು, ಲಾಕ್ ಬಿಟ್ಟು, ಆಮೇಲೆ ಯೂಸರಿಗೆ ಕಳಿಸಬೇಕು. ಇದನ್ನು ನಲವತ್ತು ನಿಮಿಷದಲ್ಲಿ ಮುಗಿಸಿಬಿಟ್ಟರು. ಅಭ್ಯಾಸ ಮಾಡಿಸಲಿಲ್ಲ. ಇಂಟರಪ್ಟ್ ಇರುವ ಡ್ರೈವರ್ ಬರೆಯುವವರಿಗೆ ಇದಕ್ಕೆ ಒಂದು ಇಡೀ ಭಾನುವಾರ ಬೇಕು. ಡ್ರೈವರಿನ ಮೆಮೊರಿಯನ್ನು ಪ್ರೋಗ್ರಾಮಿಗೆ ನೇರವಾಗಿ ತೆರೆದುಕೊಡುವ ಎಂಮ್ಯಾಪ್ ಕೂಡ ಅರ್ಧ ಗಂಟೆಯಲ್ಲಿ ಸರಿದುಹೋಯಿತು. ಪ್ರಯೋಗವೆಲ್ಲ ಇಂಟೆಲ್ ಮೇಲೆ. ಬೆಳಗಾವಿಯಲ್ಲಿ ಪೆಟ್ಟಿಗೆ ತಯಾರಿಸುವ ನಮ್ಮಂಥವರ ಕೈಯಲ್ಲಿರುವುದು ಆರ್ಮ್ ಬೋರ್ಡು, ಒಂದಾದರೂ ಮೇಜಿನ ಮೇಲೆ ಇರಬೇಕಿತ್ತು.

ಟಿಪ್ಪಣಿ ಪೂರ್ತಿ ಇಂಗ್ಲಿಷಿನಲ್ಲಿದೆ. ಮೇಡಂ ಬಾಯಿಮಾತಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಚೆಂದ ಬಿಡಿಸಿ ಹೇಳುತ್ತಾರೆ. ಆದರೆ ಮನೆಗೆ ಹೋಗಿ ಓದುವಾಗ ಐಟಿಐ ಮುಗಿಸಿ ಬಂದ ಹುಡುಗರು ಒದ್ದಾಡಿದ್ದನ್ನು ನೋಡಿದ್ದೇನೆ. ಸ್ಟೋರ್ಸಿನವರು ತಾವೇ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದರು. ಅದನ್ನು ಜೆರಾಕ್ಸ್ ಮಾಡಿಸಿ ಮುಂದಿನ ಬ್ಯಾಚಿಗೆ ಕೊಡಿ ಎಂದು ಮೇಡಂಗೆ ನಾವೆಲ್ಲ ಕೇಳಿಕೊಂಡಿದ್ದೇವೆ. ಒಂದು ಭಾನುವಾರ ಕ್ಲಾಸು ರದ್ದಾದ ಸುದ್ದಿ ಬೆಳಿಗ್ಗೆ ಎಂಟೂವರೆಗೆ ಬಂತು. ಅಷ್ಟರಲ್ಲಿ ಗೋಕಾಕದ ಹುಡುಗ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗಿತ್ತು. ಇದು ಸರಿಯಲ್ಲ. ಕರೆಂಟು ಹೋದರೆ ಇನ್ವರ್ಟರ್ ಫ್ಯಾನಿಗೆ ಮತ್ತು ದೀಪಕ್ಕೆ ಮಾತ್ರ.

ಕ್ಲಾಸು ಮುಗಿದ ವಾರ ನನ್ನ ಡ್ರೈವರನ್ನು ಮೊದಲಿಂದ ಓದಿದೆ. ಬರೆಯುವಾಗ ಯೂಸರ್ ಪಾಯಿಂಟರುಗಳಿಗೆ ಹಾಕಬೇಕಾದ ‘__ಯೂಸರ್’ ಗುರುತನ್ನು ಹಾಕಿರಲಿಲ್ಲ. ಹಾಕಿ, ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್ 2003ರಲ್ಲಿ ಶುರು ಮಾಡಿದ, ಕೋಡನ್ನು ಓದಿ ತಪ್ಪು ಹುಡುಕುವ ಸ್ಪಾರ್ಸ್ ಉಪಕರಣದಿಂದ ಪರೀಕ್ಷಿಸಿದೆ. ಐಓಕಂಟ್ರೋಲ್ ಸಾಲಲ್ಲದೆ ಇನ್ನೆರಡು ಜಾಗ ಸಿಕ್ಕವು. ಆ ಎರಡು ದಾರಿಗಳನ್ನು ಯಾವ ಗಿರಾಕಿಯೂ ಇನ್ನೂ ಬಳಸಿರಲಿಲ್ಲ. ಸ್ಪಾರ್ಸ್ ಹಿಡಿಯದ ಒಂದನ್ನು ನಾನೇ ಹಿಡಿದೆ: ಸ್ಥಿತಿ ಕಳಿಸುವ ಸ್ಟ್ರಕ್ಚರಿನಲ್ಲಿ ತೊಳೆಯದ ಡಬ್ಬಿ. ಲಾಕಿನೊಳಗೆ ಕಾಪಿ ಮಾಡುತ್ತಿದ್ದ ಜಾಗವನ್ನೂ ತಿದ್ದಿದೆ, ಡೀಬಗ್ ಕರ್ನೆಲ್ಲಿನಲ್ಲಿ ಎರಡು ದಿನ ಓಡಿಸಿ ನೋಡಿದೆ. ಮಚ್ಛೆಗೆ ಹೋಗಿ ಹೊಸದನ್ನು ಹಾಕಿ, ಸೂಪರ್‌ವೈಸರ್ ಕೈಯಿಂದಲೇ ಮಿತಿಯನ್ನು ಹತ್ತು ಸಲ ಬದಲಿ ಮಾಡಿಸಿದೆ. ಬೇಕೆಂದೇ ತಪ್ಪು ಅಡ್ರೆಸ್ ಕಳಿಸುವ ಒಂದು ಸಣ್ಣ ಪ್ರೋಗ್ರಾಮನ್ನೂ ಅವರೆದುರು ಓಡಿಸಿದೆ. ‘ಬ್ಯಾಡ್ ಅಡ್ರೆಸ್’ ಎಂದು ಬಂತು, ತಾಪಮಾನದ ಅಂಕಿ ನಿಲ್ಲದೆ ಓಡುತ್ತಿತ್ತು.

ಹೋಗುವವರು ಸಿ ಭಾಷೆಯ ಪಾಯಿಂಟರುಗಳನ್ನು ಗಟ್ಟಿ ಮಾಡಿಕೊಂಡು ಹೋಗಿ, ಅದನ್ನು ಅಲ್ಲಿ ಕಲಿಸುವುದಿಲ್ಲ. ಲ್ಯಾಪ್‌ಟಾಪಿನಲ್ಲಿ 8 ಜಿಬಿ ಮೆಮೊರಿ ಇದ್ದರೆ ಒಳ್ಳೆಯದು, ರಾತ್ರಿಯೇ ಚಾರ್ಜ್ ಮಾಡಿಟ್ಟುಕೊಳ್ಳಿ. ಗಾಡಿಯನ್ನು ಮುಖ್ಯ ರಸ್ತೆಯಲ್ಲೇ ನಿಲ್ಲಿಸಿ, ಒಳಗಿನ ಓಣಿ ಬಹಳ ಇಕ್ಕಟ್ಟು. ನೀವೇ ಬರೆದ ಹಳೇ ಡ್ರೈವರ್ ಒಂದಿದ್ದರೆ ತಪ್ಪದೆ ತಗೊಂಡು ಹೋಗಿ. ಕೊನೆಯ ಭಾನುವಾರ ಮೇಡಂ ಅದನ್ನು ಎಲ್ಲರ ಮುಂದೆ ತೆರೆದು, ಒಂದೊಂದು ಪಾಯಿಂಟರಿಗೂ ಯಾರು ಕೊಟ್ರು ಎಂದು ಕೇಳುತ್ತಾ ಕೆಳಗಿನ ತನಕ ಓದುತ್ತಾರೆ.